ಸಣ್ಣ ಕಿರಿಕಿರಿ

ಫೆಬ್ರುವರಿ 9

ಗುಬ್ಬಿ,

ಫೋನಿನಲ್ಲೇ ಹೇಳಿಬಿಡೋಣವೆಂದು ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತು ಮೂರು ಸಲ ಕೂಗಿದೆ. ನಿನಗೆ ಕೇಳಿಸಿದ್ದು ಬರೀ 'ಹಲೋ' ಅಂತ ಕಾಣುತ್ತದೆ. ಈ ಬೆಟ್ಟದ ಮೇಲೆ ಸಿಗ್ನಲ್ ಬರುವುದಕ್ಕಿಂತ ಕಾಗದ ಬೇಗ ಹೋಗುತ್ತದೆ. ಹಾಲಿನ ಲಾರಿಯ ಡ್ರೈವರ್ ಇದನ್ನು ಕೆಳಗಿನ ಊರಿನಲ್ಲಿ ಅಂಚೆಗೆ ಹಾಕುತ್ತಾನೆ.

ನಮ್ಮ ಹಾಲಿನ ಒಕ್ಕೂಟದ ಬೈಕುಗಳ ಆಯಸ್ಸು ಮುಗಿದಿದೆ. ಹೋದ ವಾರ ಕರು ಅಡ್ಡವಾಗಿ ಸಿಕ್ಕಿಕೊಂಡ ಹಸುವೊಂದನ್ನು ನೋಡಲು ಹೊರಟಿದ್ದೆ. ದಾರಿಯಲ್ಲಿ ಚೈನು ತುಂಡಾಯಿತು. ಆರು ಕಿಲೋಮೀಟರು ನಡೆದು ಮುಟ್ಟುವಷ್ಟರಲ್ಲಿ ಕರು ಸತ್ತಿತ್ತು. ಆ ಮನೆಯ ಹೆಂಗಸು ಕೈ ತೊಳೆಯಲು ಬಿಸಿನೀರು ತಂದುಕೊಟ್ಟಳು. ನಾಲ್ಕು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ವಾಪಸು ಬಂದವಳೇ ಅಧ್ಯಕ್ಷರ ಕೋಣೆಗೆ ನುಗ್ಗಿ, ಆ ಚೈನನ್ನು ಅವರ ಮೇಜಿನ ಮೇಲೆ ಎಸೆದೆ. ಮೇಜಿನ ಗಾಜು ಬಿರುಕು ಬಿಟ್ಟಿತು, ಹನ್ನೊಂದು ಹೊಸ ಬೈಕಿಗೆ ಒಪ್ಪಿಗೆ ಸಿಕ್ಕಿತು. ಹತ್ತು ಜನ ಲಸಿಕೆ ಹಾಕುವವರಿಗೆ, ಒಂದು ದನದ ಡಾಕ್ಟರಾದ ನನಗೆ.

ಯಾವುದು ಅನ್ನುವುದೇ ಈಗ ಜಗಳ. ಅಧ್ಯಕ್ಷರು ಒಂದು ಜಾಹೀರಾತು ಹಿಡಿದು ಕೂತಿದ್ದಾರೆ. ಕಡಿದಾದ ಬಂಡೆಯ ತುದಿಯಲ್ಲಿ ಒಬ್ಬ ಹೆಲ್ಮೆಟ್ ಕೈಯಲ್ಲಿ ಹಿಡಿದು ಸೂರ್ಯ ಮುಳುಗುವುದನ್ನು ನೋಡುತ್ತಿದ್ದಾನೆ, ಪಕ್ಕದಲ್ಲಿ ಬೈಕು. "ಇದೇ ಇರಲಿ ಡಾಕ್ಟ್ರೇ, ರಸ್ತೆಗೂ ಆಗುತ್ತೆ, ಕಾಡುಮೇಡಿಗೂ ಆಗುತ್ತೆ" ಅನ್ನುತ್ತಾರೆ. ಸೂರ್ಯ ಮುಳುಗುವುದನ್ನು ನೋಡುವಷ್ಟು ಪುರುಸೊತ್ತು ನಮ್ಮಲ್ಲಿ ಯಾರಿಗಿದೆ?

ಬೈಕು ಓಡಿಸಿ ನೋಡಿ ಬರೆಯುವುದೇ ನಿನ್ನ ಕೆಲಸ. ಅದೇ ಗಾಡಿಯನ್ನು ತರಿಸಿ ಓಡಿಸು. ಹಿಂದೆ ಹದಿನೆಂಟು ಕಿಲೋ ಲಸಿಕೆ ಪೆಟ್ಟಿಗೆ ಕಟ್ಟಿದರೆ ಮುಂದಿನ ಚಕ್ರ ನೆಲ ಬಿಡುತ್ತದೆಯೇ? ಸಡಿಲ ಕಲ್ಲಿನ ಇಳಿಜಾರಿನಲ್ಲಿ ಬ್ರೇಕು ಮಾತು ಕೇಳುತ್ತದೆಯೇ? ಬಿದ್ದರೆ ಒಬ್ಬರೇ ಎತ್ತಬಹುದೇ? ನಿನ್ನ ಪತ್ರಿಕೆಗೆ ಬರೆಯುವ ಹಾಗೆ 'ಮನ ಗೆಲ್ಲುವ ಸವಾರಿ' ಎಂದು ಬರೆದರೆ ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ. ಲಸಿಕೆಯವರಲ್ಲಿ ಹಿರಿಯರು ನಿಮ್ಮಣ್ಣನೇ. ಅವರು ಎಲ್ಲರೆದುರು ಹೇಳಿಬಿಟ್ಟಿದ್ದಾರೆ, "ನನ್ನ ತಂಗಿ ಓಡಿಸಿ ಸರಿ ಅಂದ್ರೆ ಸರಿ. ಬೇರೆಯವರ ಮಾತು ನಂಗೆ ಬೇಡ."

ಅತ್ತಿಗೆ

(ಅಂಚಿನಲ್ಲಿ, ಬೇರೆ ಕೈಬರಹದಲ್ಲಿ) ಸೀಟು ಎತ್ತರ ಇದೆಯಂತೆ ಗುಬ್ಬಿ. ಏಣಿ ಬೇಕಾದ್ರೆ ಹೇಳು, ಲಾರೀಲಿ ಕಳಿಸ್ತೀನಿ. – ಅಣ್ಣ


ಮಾರ್ಚ್ 3

ಅತ್ತಿಗೆ,

ಏಣಿ ಬೇಡವೆಂದು ಅಣ್ಣನಿಗೆ ಹೇಳಿ. ಎರಡೂ ಕಾಲು ಊರಲು ಆಗುವುದಿಲ್ಲ ನಿಜ, ಒಂದು ಕಾಲಿನ ಬೆರಳು ನೆಲ ಮುಟ್ಟುತ್ತದೆ, ಅಷ್ಟು ಸಾಕು.

ಗಾಡಿ ಹತ್ತು ದಿನ ನನ್ನ ಕೈಯಲ್ಲಿತ್ತು. ಅದನ್ನು ನನ್ನ ಪಾಲಿಗೆ ಪಡೆಯುವುದೇ ಒಂದು ಯುದ್ಧ. ನಮ್ಮ ಕಚೇರಿಯಲ್ಲಿ ಆರು ಜನ ಗಂಡಸು ಪರೀಕ್ಷಕರು, ನಾನು ಏಳನೆಯವಳು, ನನ್ನ ಮೇಜು ಹಳೇ ಟೈರುಗಳ ಗುಡ್ಡೆಯ ಪಕ್ಕ. ಎಲ್ಲರಿಗಿಂತ ಹಿರಿಯನನ್ನು ನಾವು ಮೀಸೆ ಎಂದು ಕರೆಯುತ್ತೇವೆ. "ಇದು ನಿಂಗೆ ಭಾರ ಆಗುತ್ತಮ್ಮ, ಸ್ಕೂಟರ್ ಬಂದಿದೆ ನೋಡು" ಅಂದ. ಗೋಡೆಗೆ ಒಂದು ಕರೀ ಹಲಗೆ ಇದೆ. ಪರೀಕ್ಷೆಯಲ್ಲಿ ಯಾರು ಬಿದ್ದರೂ ಅವರ ಹೆಸರಿನ ಮುಂದೆ ಸೀಮೆಸುಣ್ಣದ ಗೆರೆ ಎಳೆದು, ವಾರವಿಡೀ ನಗುವುದು ಇಲ್ಲಿನ ಪದ್ಧತಿ. ಮೀಸೆಗೆ ಒಂಬತ್ತು ಗೆರೆ. ನನಗೆ ಮೂರು ವರ್ಷದಿಂದ ಒಂದೂ ಇಲ್ಲ. ಅದನ್ನೇ ತೋರಿಸಿ ಕೀಲಿ ಕಿತ್ತುಕೊಂಡು ಬಂದೆ.

ಈಗ ಗಾಡಿಯ ಮಾತು. ತೂಕ ನೂರ ತೊಂಬತ್ತು ಕಿಲೋ. ಮುಂದಿನ ಚಕ್ರ ದೊಡ್ಡದು, ತಂತಿ ಕಡ್ಡಿಯದು, ಆದ್ದರಿಂದ ಗುಂಡಿಗೆ ಇಳಿದರೆ ಬೆಂಡಾಗದೆ ಹತ್ತಿ ಬರುತ್ತದೆ. ಡಾಂಬರಿನ ಮೇಲೆ ನೂರರವರೆಗೆ ಹಾಯಾಗಿದೆ, ಅದರಾಚೆ ಹ್ಯಾಂಡಲ್ಲು ಅಂಗೈಯಲ್ಲಿ ಗುಂಯ್‌ಗುಟ್ಟುತ್ತದೆ. ಎದುರಿನ ಗಾಜು ಗಿಡ್ಡವಾಗಿದ್ದು ಗಾಳಿ ನೇರ ಗಂಟಲಿಗೆ ಹೊಡೆಯುತ್ತದೆ. ಕಚ್ಚಾ ದಾರಿಗೆ ಇಳಿದ ಮೇಲೆ ಇದರ ಗುಣ ಗೊತ್ತಾಗುವುದು. ಎದ್ದು ನಿಂತರೆ ಮಂಡಿಗಳ ನಡುವೆ ಟ್ಯಾಂಕು ಸರಿಯಾಗಿ ಕೂರುತ್ತದೆ. ಮೊದಲ ಗೇರಿನಲ್ಲಿ ಉಸಿರು ಕಟ್ಟದೆ ಏರುತ್ತದೆ. ಹದಿನೆಂಟು ಕಿಲೋ ಮರಳಿನ ಚೀಲ ಕಟ್ಟಿಕೊಂಡು ಹತ್ತಿಸಿದೆ, ಹಿಂದಿನ ಸ್ಪ್ರಿಂಗನ್ನು ಮೂರು ಹಲ್ಲು ಬಿಗಿ ಮಾಡಿದರೆ ಮುಂದಿನ ಚಕ್ರ ನೆಲ ಬಿಡುವುದಿಲ್ಲ. ಮಲಗಿಸಿ ಎತ್ತಿಯೂ ನೋಡಿದೆ. ಬೆನ್ನು ಕೊಟ್ಟು ಎತ್ತಿದರೆ ಒಬ್ಬರಿಗೆ ಆಗುತ್ತದೆ.

ಬ್ರೇಕು. ಚಕ್ರ ಜಾಮ್ ಆಗದ ಹಾಗೆ ಬ್ರೇಕನ್ನು ತಾನೇ ಹಿಡಿದು ಬಿಟ್ಟು ಮಾಡುವ ಎಬಿಎಸ್ ಎರಡೂ ಚಕ್ರಕ್ಕಿದೆ. ರಸ್ತೆಯಲ್ಲಿ ಅದು ದೇವರು. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಮಾತ್ರ ಅದು ಬ್ರೇಕು ಬಿಡುತ್ತಲೇ ಇರುತ್ತದೆ, ಗಾಡಿ ನಿಲ್ಲುವುದಿಲ್ಲ, ಆದ್ದರಿಂದ ಹಿಂದಿನದನ್ನು ಆಫ್ ಮಾಡಿಕೊಳ್ಳಬೇಕು. ಎಡಗೈಯ ಬಟನ್ನನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಆಫ್ ಆಗುತ್ತದೆ, ಆಮೇಲೆ ಹಿಂದಿನ ಬ್ರೇಕು ನಾವು ಹೇಳಿದಂತೆ ಕೇಳುತ್ತದೆ. ಕೀಲಿ ತೆಗೆದು ಮತ್ತೆ ಹಾಕಿದರೆ ಎಬಿಎಸ್ ತಾನಾಗಿ ಚಾಲೂ ಆಗುತ್ತದೆ, ಮತ್ತೆ ಒತ್ತಬೇಕು. ಅದೊಂದು ಸಣ್ಣ ಕಿರಿಕಿರಿ. ನನ್ನ ಲೇಖನದಲ್ಲೂ ಹಾಗೇ ಬರೆದಿದ್ದೇನೆ.

ಹತ್ತು ದಿನದಲ್ಲಿ ಒಮ್ಮೆಯೂ ಬೀಳಲಿಲ್ಲ. ಹಲಗೆ ಇನ್ನೂ ಸ್ವಚ್ಛ. ತೆಗೆದುಕೊಳ್ಳಿ ಅತ್ತಿಗೆ, ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಗುಬ್ಬಿ


ಮೇ 20

ಗುಬ್ಬಿ,

ಗಾಡಿಗಳು ಬಂದವು. ಅಧ್ಯಕ್ಷರು ಒಂದರ ಮೇಲೆ ಕೂತು ಫೋಟೊ ತೆಗೆಸಿಕೊಂಡರು, ಇಳಿಯಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ನಿನ್ನೆ ಮೇಲಿನ ಕಣಿವೆಯ ಹಸುವೊಂದಕ್ಕೆ ಹೊಟ್ಟೆ ಉಬ್ಬರಿಸಿ ಕರೆ ಬಂತು. ಹಳೇ ಗಾಡಿಯಲ್ಲಿ ಎರಡು ಗಂಟೆಯ ದಾರಿ, ನಲವತ್ತು ನಿಮಿಷದಲ್ಲಿ ಮುಟ್ಟಿದೆ. ಹಸು ಬದುಕಿತು. ನಾನು ಯಾರನ್ನಾದರೂ ಹೊಗಳುವುದು ಅಪರೂಪ, ಆದ್ದರಿಂದ ಈ ಕಾಗದವನ್ನು ಜೋಪಾನವಾಗಿ ಇಟ್ಟುಕೋ.

ಬೆಟ್ಟದ ದಾರಿಗಳು ಹಾಳಾಗುವ ಮೊದಲು ಇಡೀ ವಲಯದ ದನಗಳಿಗೆ ಲಸಿಕೆ ಮುಗಿಯಬೇಕು. ಒಬ್ಬೊಬ್ಬರಿಗೂ ದಿನಕ್ಕೆ ನಲವತ್ತು ಮನೆ ಹಂಚಿದ್ದೇನೆ. ನಿಮ್ಮಣ್ಣ ಹೊಸ ಗಾಡಿಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒರೆಸುತ್ತಾರೆ. ನಾನು ಈ ಮನೆಗೆ ಬಂದು ಹನ್ನೆರಡು ವರ್ಷವಾಯಿತು, ಒಂದು ಕಿಟಕಿ ಒರೆಸಿದ್ದು ನೋಡಿಲ್ಲ.

ಅತ್ತಿಗೆ

(ಅಂಚಿನಲ್ಲಿ) ಏಣಿ ಕಳಿಸೋ ಖರ್ಚು ಉಳೀತು. ಗಾಡಿ ಬಂಗಾರ ಕಣೇ. – ಅಣ್ಣ


ಜುಲೈ 28

ಗುಬ್ಬಿ,

ನಮ್ಮ ಲಸಿಕೆಯವರೊಬ್ಬರು ಬಿದ್ದಿದ್ದಾರೆ. ಇಪ್ಪತ್ತು ದಿನವಾಯಿತು. ನನ್ನ ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಎಲ್ಲಿ, ಹೇಗೆ ಎಂದು ನಿನಗೆ ಬೇಕಲ್ಲ, ಕೇಳು. ಆ ದಿನದ ಮೂವತ್ತೇಳನೇ ಮನೆ. ದಿಣ್ಣೆಯ ನೆತ್ತಿಯ ಮೇಲೆ ಒಂಟಿ ಮನೆ, ನಾಲ್ಕು ಹಸು, ಅದರಲ್ಲಿ ಒಂದು ಒದೆಯುವಂಥದ್ದು. ಅಲ್ಲಿ ತಡವಾಯಿತು. ಪೆಟ್ಟಿಗೆ ಮುಚ್ಚಿ, ಗಾಡಿ ಹತ್ತಿ, ಇಳಿಜಾರಿಗೆ ಬಿಟ್ಟರು. ಜಲ್ಲಿ ಸುರಿದಂತಿರುವ ದಾರಿ. ಮೊದಲ ತಿರುವಿನಲ್ಲಿ ಹಿಂದಿನ ಬ್ರೇಕು ತುಳಿದರೆ ಪೆಡಲು ಕಾಲಿನಡಿ ಟಕಟಕ ಎಂದಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಪೂರ್ತಿ ತುಳಿದರೂ ಟಕಟಕ ಅಷ್ಟೇ. ಬಟನ್ ಒತ್ತಲು ಮರೆತದ್ದು ಆಗ ನೆನಪಾಯಿತಂತೆ. ಮೂರು ಸೆಕೆಂಡು ಒತ್ತಿ ಹಿಡಿಯಲು ಆ ತಿರುವಿನಲ್ಲಿ ಮೂರು ಸೆಕೆಂಡು ಇರಲಿಲ್ಲ. ಹೊಲದ ಕಲ್ಲಿನ ಕಟ್ಟೆ ದಾಟಿ ಕೆಳಗೆ ಬಿದ್ದರು, ಗಾಡಿ ಕಾಲಿನ ಮೇಲೆ ಬಿತ್ತು. ಒಬ್ಬರೇ ಎತ್ತಬಹುದು ಅಂದಿದ್ದೆ ನೀನು. ಎತ್ತುವವರ ತೊಡೆಮೂಳೆ ಎರಡು ಕಡೆ ಮುರಿದಿದ್ದರೆ ಏನು ಮಾಡಬೇಕು ಎಂದು ಬರೆದಿರಲಿಲ್ಲ. ಐವತ್ತು ನಿಮಿಷದ ಮೇಲೆ ಹಾಲು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳ ಕಣ್ಣಿಗೆ ಬಿದ್ದರು.

ನಿನ್ನ ಮಾರ್ಚ್ ತಿಂಗಳ ಕಾಗದ ನನ್ನ ಮುಂದಿದೆ. 'ಸಣ್ಣ ಕಿರಿಕಿರಿ' ಎಂದು ಬರೆದಿದ್ದೀಯ. ದಿನಕ್ಕೆ ನಾಲ್ಕು ಸಲ ಗಾಡಿ ನಿಲ್ಲಿಸುವವಳಿಗೆ ಅದು ಸಣ್ಣದೇ. ನಲವತ್ತು ಸಲ ಕೀಲಿ ತೆಗೆಯುವವರಿಗೆ ಅದು ನಲವತ್ತು ಸಲ ಸಾಯುವ ಅವಕಾಶ. ಇದನ್ನು ಲೆಕ್ಕ ಹಾಕಲು ದೊಡ್ಡ ಬುದ್ಧಿ ಬೇಕಾಗಿತ್ತೇನೇ? ನಿನಗೆ ಗೊತ್ತಾಗಬೇಕಿತ್ತು. ಅದಕ್ಕೇ ಅಲ್ಲವೇ ನಿನ್ನನ್ನು ಕೇಳಿದ್ದು?

ಅತ್ತಿಗೆ


ಆಗಸ್ಟ್ 5

ಅತ್ತಿಗೆ,

ಬಿದ್ದವರ ವಿಷಯ ಓದಿ ಬೇಸರವಾಯಿತು. ಆದರೆ ನಿಮ್ಮ ಕಾಗದ ಓದಿ ಮೈ ಉರಿಯಿತು, ಅದನ್ನೂ ಹೇಳಿಬಿಡುತ್ತೇನೆ.

ನಾನೇನು ಮುಚ್ಚಿಟ್ಟೆನೇ? ಯಾವ ಬಟನ್, ಎಷ್ಟು ಹೊತ್ತು, ಕೀಲಿ ತೆಗೆದರೆ ಏನಾಗುತ್ತದೆ, ಎಲ್ಲವನ್ನೂ ಬಿಡಿಸಿ ಬರೆದಿದ್ದೆ. ಒತ್ತಲು ಮರೆತದ್ದು ಅವರು. ಇಲ್ಲಿ ಪ್ರತಿ ತಿಂಗಳೂ ಇಂಥ ಕಾಗದ ಬರುತ್ತವೆ, 'ನೀವು ಹೊಗಳಿದ ಗಾಡಿ ನನ್ನನ್ನು ಬೀಳಿಸಿತು' ಎಂದು. ಗಾಡಿ ಯಾರನ್ನೂ ಬೀಳಿಸುವುದಿಲ್ಲ, ಜನ ಬೀಳುತ್ತಾರೆ. ನಾನು ಹೇಳಿದ್ದನ್ನು ಆ ಹತ್ತು ಜನರಿಗೆ ಕಲಿಸಿದಿರೋ ಇಲ್ಲವೋ? ಕಲಿಸದೆ ಕೈಗೆ ಕೀಲಿ ಕೊಟ್ಟಿದ್ದರೆ ನನ್ನನ್ನು ಯಾಕೆ ಬೈಯುತ್ತೀರಿ?

ಇನ್ನೊಂದು ನನಗೆ ಅರ್ಥವಾಗುತ್ತಿಲ್ಲ. ಮನೆಮನೆಗೂ ಕೀಲಿ ಯಾಕೆ ತೆಗೆಯಬೇಕು? ಬಲಗೈಯ ಕೆಂಪು ಸ್ವಿಚ್ಚಿನಲ್ಲಿ ಎಂಜಿನ್ ನಿಲ್ಲಿಸಿ, ಕೀಲಿಯನ್ನು ಗಾಡಿಯಲ್ಲೇ ಬಿಟ್ಟರೆ ಸೆಟ್ಟಿಂಗು ಹಾಗೇ ಉಳಿಯುತ್ತದೆ. ಆ ಒಂಟಿ ಮನೆಗಳ ಅಂಗಳದಲ್ಲಿ ಗಾಡಿ ಕದಿಯುವವರು ಯಾರು, ಹಸುಗಳೇ? ಎರಡು ತಿಂಗಳಲ್ಲಿ ಒಬ್ಬರಾದರೂ ಇದರ ಬಗ್ಗೆ ದೂರಲಿಲ್ಲವೇ?

ಅಣ್ಣನಿಗೆ ಹೇಳಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕಲಿಸಲಿ. ಅವನಂತೂ ಇಂಥ ತಪ್ಪು ಮಾಡುವವನಲ್ಲ. ಅಂದಹಾಗೆ ಈ ಸಲ ಅಂಚಿನಲ್ಲಿ ಅವನ ಎರಡು ಸಾಲು ಕಾಣಲಿಲ್ಲ. ಅವನೂ ಮುನಿಸಿಕೊಂಡಿದ್ದಾನೋ?

ಗುಬ್ಬಿ


ಆಗಸ್ಟ್ 12

ಗುಬ್ಬಿ,

ಬಿದ್ದವರು ನಿಮ್ಮಣ್ಣ.

ತೊಡೆಗೆ ಉಕ್ಕಿನ ಕಂಬಿ ಹಾಕಿದ್ದಾರೆ. ಮಂಡಿಚಿಪ್ಪು ಪುಡಿಯಾಗಿತ್ತು, ಇದ್ದದ್ದನ್ನು ಜೋಡಿಸಿದ್ದಾರೆ. ಎಡಗಾಲು ಎರಡು ಬೆರಳಿನಷ್ಟು ಗಿಡ್ಡವಾಗಿಯೇ ಉಳಿಯುತ್ತದಂತೆ. ನಡೆಯುತ್ತಾರೆ. ಬೆಟ್ಟದ ಕೆಲಸಕ್ಕೆ ಹೋಗುವುದು ಅನುಮಾನ ಎಂದು ಮೂಳೆ ಡಾಕ್ಟರು ನನ್ನ ಕಣ್ಣು ತಪ್ಪಿಸಿ ಹೇಳಿದರು. ನಾನೂ ದನಗಳ ಮನೆಯವರಿಗೆ ಹಾಗೇ ಹೇಳುವುದು, ಆದ್ದರಿಂದ ಅರ್ಥವಾಯಿತು.

"ಗುಬ್ಬಿಗೆ ಹೇಳಬೇಡ. ಅವಳು ಇನ್ನು ಗಾಡಿ ಮುಟ್ಟಲ್ಲ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಅದಕ್ಕೇ ಹೋದ ಕಾಗದದಲ್ಲಿ ಯಾರೆಂದು ಬರೆಯಲಿಲ್ಲ. ನಿನ್ನ ಉತ್ತರ ಓದಿದ ಮೇಲೆ ಕೊಟ್ಟ ಮಾತು ಉಳಿಸಿಕೊಳ್ಳುವಷ್ಟು ಒಳ್ಳೆಯತನ ನನ್ನಲ್ಲಿ ಉಳಿಯಲಿಲ್ಲ. ಜನ ಬೀಳುತ್ತಾರೆ ಅಂದೆಯಲ್ಲ. ಬಿದ್ದವನನ್ನು ಬಂದು ನೋಡು. ಕೆಳಗಿನ ಊರಿನ ಆಸ್ಪತ್ರೆ, ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ.

ಅತ್ತಿಗೆ


ಸೆಪ್ಟೆಂಬರ್ 2

ಅತ್ತಿಗೆ,

ಬಂದಿದ್ದೆ. ನಿಮ್ಮ ಕಾಗದ ಸಿಕ್ಕ ದಿನವೇ ಹೊರಟು ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿದ್ದೆ. ಬಾಗಿಲಿನ ಗಾಜಿನಲ್ಲಿ ನೋಡಿದೆ. ನೀವು ಅವನ ಗಡ್ಡ ಬೋಳಿಸುತ್ತಿದ್ದಿರಿ. ಅವನು ಕಣ್ಣು ಮುಚ್ಚಿಕೊಂಡು ಏನೋ ಹೇಳುತ್ತಿದ್ದ, ನೀವು ಅಲ್ಲಾಡಬೇಡಿ ಎಂದು ಗದರುತ್ತಿದ್ದಿರಿ. ಒಳಗೆ ಕಾಲಿಡಲು ಆಗಲಿಲ್ಲ. ಹಾಗೇ ತಿರುಗಿ ಬಸ್ಸು ಹತ್ತಿದೆ. ಅಲ್ಲಿಂದ ಮೇಲೆ ಆರು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಾನು ಬಿದ್ದಿದ್ದೆ ಅತ್ತಿಗೆ.

ಪರೀಕ್ಷೆಯ ಏಳನೇ ದಿನ. ಕಲ್ಲಿನ ಇಳಿಜಾರು, ಬೆಳಿಗ್ಗೆಯಿಂದ ಹಿಂದಿನ ಎಬಿಎಸ್ ಆಫ್ ಮಾಡಿಕೊಂಡೇ ಓಡಿಸುತ್ತಿದ್ದೆ. ಅರ್ಧ ದಾರಿಯಲ್ಲಿ ನಮ್ಮ ಪತ್ರಿಕೆಯ ಫೋಟೊದವನು ನಿಲ್ಲಿಸಿದ. "ದೀಪ ಉರೀತಿದ್ರೆ ಚಿತ್ರ ಹಾಳಾಗುತ್ತೆ, ಕೀಲಿ ತೆಗಿ" ಅಂದ. ತೆಗೆದೆ. ನಾಲ್ಕು ಚಿತ್ರ ತೆಗೆದ. ಮತ್ತೆ ಕೀಲಿ ಹಾಕಿ ಹೊರಟೆ, ಬಟನ್ ನೆನಪಾಗಲಿಲ್ಲ. ಟಕಟಕ ಎಂದು ಬರೆದಿದ್ದಿರಲ್ಲ, ಆ ಪದವನ್ನು ಓದಿದಾಗಲೇ ನನ್ನ ಅಂಗಾಲು ತಣ್ಣಗಾಯಿತು. ನನ್ನ ಕಾಲಿನಡಿಯೂ ಹಾಗೇ ಎಂದಿತ್ತು. ನನಗೆ ಸಿಕ್ಕಿದ್ದು ಮಣ್ಣಿನ ಚರಂಡಿ, ಅಣ್ಣನಿಗೆ ಸಿಕ್ಕಿದ್ದು ಕಲ್ಲಿನ ಕಟ್ಟೆ. ವ್ಯತ್ಯಾಸ ಅಷ್ಟೇ. ಮೂರು ವರ್ಷ ಇದೇ ಕೆಲಸ ಮಾಡಿಕೊಂಡು ಬಂದವಳು ಒಂದೇ ಒಂದು ಸಲ ಕೀಲಿ ತೆಗೆದು ಮರೆತೆ.

ಹ್ಯಾಂಡಲ್ಲು ಒಂದಿಷ್ಟು ಸೊಟ್ಟಗಾಗಿತ್ತು, ಮರಕ್ಕೆ ಒತ್ತಿ ಸರಿ ಮಾಡಿದೆ. ಯಾರಿಗೂ ಹೇಳಬೇಡ ಎಂದು ಫೋಟೊದವನನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಆ ಹಲಗೆಯ ಮೇಲೆ ಗೆರೆ ಬೀಳಬಾರದಿತ್ತು. ಗಂಡಸರಿಗೆ ಗೆರೆ ಬಿದ್ದರೆ ವಾರ ನಗುತ್ತಾರೆ, ನನಗೆ ಬಿದ್ದಿದ್ದರೆ ಮಾರನೇ ದಿನದಿಂದ ಸ್ಕೂಟರೇ ಗತಿ. ಬಿದ್ದದ್ದನ್ನು ಬಿಟ್ಟುಬಿಟ್ಟರೆ ಆ ಬಟನ್ನಿನ ಬಗ್ಗೆ ಹೇಳಲು ಏನು ಉಳಿಯುತ್ತದೆ? ಕಿರಿಕಿರಿ ಎಂದು ಬರೆದೆ. ಅದೂ ದೊಡ್ಡದಾಗಿ ಕಂಡಿತು, ಮುಂದೆ 'ಸಣ್ಣ' ಸೇರಿಸಿದೆ.

ನಿಮ್ಮ ಮೇಲೆ ರೇಗಿ ಆಗಸ್ಟ್ ಐದರ ಕಾಗದ ಬರೆಯುವಾಗಲೂ ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಷ್ಟು ಜೋರಾಗಿ ಬರೆದೆ.

ಗುಬ್ಬಿ


ಸೆಪ್ಟೆಂಬರ್ 9

ಗುಬ್ಬಿ,

ಬಾಗಿಲವರೆಗೆ ಬಂದು ವಾಪಸು ಹೋದೆಯಾ? ಚರಂಡಿಯಲ್ಲಿ ಬಿದ್ದದ್ದಕ್ಕಿಂತ ಅದು ನಾಚಿಕೆಗೇಡು. ಆ ದಿನ ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದದ್ದು ನಿನ್ನ ಬಗ್ಗೆಯೇ. ನೀನು ಆರು ವರ್ಷದವಳಿದ್ದಾಗ ಅವರ ಸೈಕಲ್ಲು ಕದ್ದು ಗೋಡೆಗೆ ಗುದ್ದಿದ್ದೆಯಂತೆ, ತಾನೇ ಗುದ್ದಿದ್ದು ಎಂದು ಹೇಳಿ ಅವರು ನಿಮ್ಮಪ್ಪನ ಹತ್ತಿರ ಏಟು ತಿಂದಿದ್ದರಂತೆ. ನಗುತ್ತಾ ಹೇಳುತ್ತಿದ್ದರು. ನನಗೆ ನಗು ಬರಲಿಲ್ಲ.

ನಿನ್ನ ಕಾಗದವನ್ನು ಎರಡು ಸಲ ಓದಿ ಹಿತ್ತಲಿಗೆ ಹೋಗಿ ಒಂದು ಬಕೆಟ್ಟನ್ನು ಒದ್ದೆ. ಕಾಲು ನೋಯಿತು. ಬಿದ್ದದ್ದಕ್ಕಲ್ಲ ನನ್ನ ಸಿಟ್ಟು. ಬಿದ್ದು ತಿಳಿದುಕೊಂಡದ್ದನ್ನು ಒಂದು ಸೀಮೆಸುಣ್ಣದ ಗೆರೆಗೆ ಹೆದರಿ ನುಂಗಿಕೊಂಡೆಯಲ್ಲ, ಅದಕ್ಕೆ. ನಾವು ಕೇಳಿದ್ದೇ ಅದೊಂದನ್ನು.

ಈಗ ಅಳುತ್ತಾ ಕೂರಬೇಡ, ಕೆಲಸವಿದೆ. ಸುತ್ತಲಿನ ಹದಿನಾಲ್ಕು ಒಕ್ಕೂಟಗಳ ಮಹಾಮಂಡಳಿ ಇದೇ ಗಾಡಿಯನ್ನು ನೂರ ಅರವತ್ತು ತರಿಸಲು ಹೊರಟಿದೆ. ನಮ್ಮ ಅಧ್ಯಕ್ಷರು ಕಳಿಸಿದ ಕಡತದಲ್ಲಿ ನಿನ್ನ ಲೇಖನ ಲಗತ್ತಾಗಿದೆ, 'ಸಣ್ಣ ಕಿರಿಕಿರಿ'ಯ ಸಮೇತ. ನವೆಂಬರಿನಲ್ಲಿ ತೀರ್ಮಾನ. ಬಿದ್ದವರಿಗೆ ಓಡಿಸಲು ಬರುತ್ತಿರಲಿಲ್ಲ ಎಂದು ಕಂಪನಿಯವರು ಬರೆದುಕೊಟ್ಟಿದ್ದಾರೆ. ನಾನು ಮೀಟಿಂಗಿನಲ್ಲಿ ಕೂಗಾಡಿದರೆ ಗಂಡ ಬಿದ್ದ ಸಂಕಟಕ್ಕೆ ಕೂಗುತ್ತಾಳೆ ಅನ್ನುತ್ತಾರೆ. ಅಂದಿದ್ದಾರೆ ಕೂಡ.

ನೀನು ಅಚ್ಚಿನಲ್ಲಿ ಬರೆಯಬೇಕು. ಅದೇ ಪತ್ರಿಕೆಯಲ್ಲಿ, ನಿನ್ನ ಹೆಸರಿನಲ್ಲಿ, ನೀನು ಬಿದ್ದದ್ದನ್ನೂ ಸೇರಿಸಿ. ನೂರ ಅರವತ್ತು ಜನ ಆ ಬಟನ್ನಿನ ಮೇಲೆ ಬೆರಳಿಟ್ಟುಕೊಂಡು ಬೆಟ್ಟ ಇಳಿಯುವ ಮೊದಲು. ನಿಮ್ಮಣ್ಣನಿಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಅಚ್ಚಾದದ್ದನ್ನು ಓದಿಯೇ ಅವರಿಗೆ ತಿಳಿಯಲಿ.

ಅತ್ತಿಗೆ


ಅಕ್ಟೋಬರ್ 4

ಅತ್ತಿಗೆ,

ನವೆಂಬರ್ ಸಂಚಿಕೆಯಲ್ಲಿ ಬರುತ್ತದೆ. ಪುಟ ಅರವತ್ತೊಂದು, ಒಂದು ಚಿತ್ರವೂ ಇಲ್ಲದೆ, ಬ್ಯಾಟರಿ ಜಾಹೀರಾತಿನ ಎದುರು. ಆದರೂ ಬರುತ್ತದೆ.

ಸಂಪಾದಕರು ಮೊದಲು ನಕ್ಕರು, ಆಮೇಲೆ ಬಾಗಿಲು ಹಾಕಿದರು. "ಗಾಡಿ ಕಂಪನಿಯವರು ಓದಿದ್ರೆ ಮುಂದಿನ ಗಾಡಿ ಕೊಡ್ತಾರಾ? ಏಳು ತಿಂಗಳ ಹಿಂದಿನದನ್ನ ಈಗ ಯಾಕೆ ಕೆದಕ್ತೀಯ?" ಅಂದರು. ಹೊರಗೆ ಮೀಸೆ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ನಾನು ಆವತ್ತೇ ಹೇಳಿದ್ದೆ, ಅವಳಿಗೆ ಭಾರ ಆಗುತ್ತೆ ಅಂತ." ನಾನು ನೆಟ್ಟಗೆ ಹಲಗೆಯ ಹತ್ತಿರ ಹೋದೆ. ನನ್ನ ಹೆಸರಿನ ಮುಂದೆ ನಾನೇ ಗೆರೆ ಎಳೆದೆ. "ಬಿದ್ದಿದ್ದು ಒಂದು ಸಲ. ಸುಳ್ಳು ಬರೆದಿದ್ದಕ್ಕೂ ಇಲ್ಲಿ ಗೆರೆ ಎಳೆಯೋದಿದ್ರೆ ಎಲ್ಲರೂ ಬನ್ನಿ, ಸೀಮೆಸುಣ್ಣ ಸಾಲುತ್ತಾ ನೋಡೋಣ" ಅಂದೆ. ಯಾರೂ ನಗಲಿಲ್ಲ. ಫೋಟೊದವನು ಎದ್ದು ನಿಂತು, ತಾನೂ ನೋಡಿದ್ದೇನೆ, ಬೇಕಿದ್ದರೆ ಬರೆದುಕೊಡುತ್ತೇನೆ ಅಂದ. ಅಚ್ಚು ಹಾಕದಿದ್ದರೆ ಬೇರೆ ಪತ್ರಿಕೆಗೆ ಕೊಡುತ್ತೇನೆ ಎಂದ ಮೇಲೆ ಸಂಪಾದಕರು ಅರವತ್ತೊಂದನೇ ಪುಟ ಕೊಟ್ಟರು.

ಒಂದು ಸಂಗತಿ ನಿಮಗೆ ಹೇಳಿರಲಿಲ್ಲ. ಆ ಕಂಪನಿಯಲ್ಲಿ ನನಗೆ ಕೆಲಸ ಹೆಚ್ಚುಕಡಿಮೆ ಆಗಿತ್ತು, ಹೊಸ ಗಾಡಿಗಳನ್ನು ಮಾರುಕಟ್ಟೆಗೆ ಬಿಡುವ ಮೊದಲೇ ಓಡಿಸಿ ತಿದ್ದುವ ಕೆಲಸ. ಇಪ್ಪತ್ತನೇ ವಯಸ್ಸಿನಿಂದ ಬಯಸಿದ್ದು ಅದೊಂದನ್ನೇ. ಲೇಖನದ ಪ್ರತಿಯನ್ನು ಅವರ ಉತ್ತರಕ್ಕಾಗಿ ಕಳಿಸಿದೆವು. ಉತ್ತರ ಬರಲಿಲ್ಲ, ನನ್ನ ಕೆಲಸ ಇಲ್ಲ ಎಂಬ ಕಾಗದ ಬಂತು. ಹೊಟ್ಟೆ ಉರಿಯುತ್ತಿದೆ ಅತ್ತಿಗೆ. ನನ್ನ ಮೇಲೆ, ಅವರ ಮೇಲೆ, ಈ ವಿಷಯ ಎತ್ತಿದ ನಿಮ್ಮ ಮೇಲೆ ಕೂಡ. ಸುಳ್ಳು ಹೇಳುವುದಿಲ್ಲ ಎಂದು ತೀರ್ಮಾನಿಸಿದ ಮೇಲೆ ಇದನ್ನೂ ಹೇಳಬೇಕಲ್ಲ.

ಲೇಖನದಲ್ಲಿ ಹೀಗೆ ಬರೆದಿದ್ದೇನೆ: 'ಈ ಗಾಡಿಯ ಎಂಜಿನ್ನು, ಚಕ್ರ, ಸ್ಪ್ರಿಂಗಿನ ಬಗ್ಗೆ ಮಾರ್ಚಿನಲ್ಲಿ ಹೇಳಿದ ಒಳ್ಳೆಯ ಮಾತುಗಳನ್ನು ಹಿಂತೆಗೆದುಕೊಳ್ಳುವುದಿಲ್ಲ. ಬ್ರೇಕಿನ ಬಗ್ಗೆ ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಕೀಲಿ ತೆಗೆದಾಗಲೆಲ್ಲ ಸವಾರನ ತೀರ್ಮಾನವನ್ನು ಮರೆತುಬಿಡುವ ಗಾಡಿ, ದಿನವಿಡೀ ಹತ್ತಿ ಇಳಿದು ಬೆಟ್ಟದಲ್ಲಿ ದುಡಿಯುವವರಿಗೆ ತಕ್ಕದ್ದಲ್ಲ. ಇದು ನನಗೆ ಪರೀಕ್ಷೆಯ ಏಳನೇ ದಿನವೇ ಬಿದ್ದು ಗೊತ್ತಾಗಿತ್ತು. ನಾನು ಬರೆಯಲಿಲ್ಲ. ನನ್ನ ಮಾತು ನಂಬಿದ ಒಬ್ಬರು ಕಾಲು ಮುರಿದುಕೊಂಡರು. ಅವರು ನನ್ನ ಅಣ್ಣ.'

ಮನೆಮನೆಗೂ ಕೀಲಿ ಯಾಕೆ ತೆಗೆಯಬೇಕಿತ್ತು ಎಂದು ಆಗಸ್ಟಿನಲ್ಲಿ ಕೇಳಿದ್ದೆ. ನೀವು ಉತ್ತರಿಸಲಿಲ್ಲ. ಲೇಖನಕ್ಕೆ ಬೇಕಾಗಿತ್ತು. 'ಕೆಲಸದ ಕಾರಣಕ್ಕೆ' ಎಂದಷ್ಟೇ ಬರೆದು ಮುಗಿಸಿದ್ದೇನೆ.

ಗುಬ್ಬಿ


ನವೆಂಬರ್ 6

ಗುಬ್ಬಿ,

ಪತ್ರಿಕೆ ಬಂತು. ನಿಮ್ಮಣ್ಣ ಮನೆಯಲ್ಲೇ ಇದ್ದಾರೆ, ಊರುಗೋಲಿನಲ್ಲಿ ಕಿಟಕಿಯಿಂದ ಬಾಗಿಲವರೆಗೆ ದಿನಕ್ಕೆ ಇಪ್ಪತ್ತು ಸಲ. ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಅರವತ್ತೊಂದನೇ ಪುಟ ಓದಿದರು. ಮತ್ತೆ ಮೊದಲಿನಿಂದ ಓದಿದರು. ಬೈಯುತ್ತಾರೆಂದು ಕಾದೆ. ಪತ್ರಿಕೆ ಮಡಿಸಿ ನನ್ನ ಕೈಗೆ ಕೊಟ್ಟರು. "ಅವಳು ತನ್ನದನ್ನ ಬರೆದಳು. ನಿನ್ನದು ಯಾವಾಗ?" ಅಂದರು.

ನಿನ್ನ ಪ್ರಶ್ನೆಗೆ ಉತ್ತರ ಇದು. ಲಸಿಕೆ ಪೆಟ್ಟಿಗೆಗೆ ಬೀಗವಿದೆ. ಹೋದ ವರ್ಷ ಯಾರೋ ಬೀಗ ಹಾಕದೆ ಬಿಟ್ಟು ಒಂದು ಪೆಟ್ಟಿಗೆ ಔಷಧಿ ಬಿಸಿಲಿಗೆ ಹಾಳಾಯಿತು. ಆದ್ದರಿಂದ ಹೊಸ ಗಾಡಿ ಬಂದ ದಿನವೇ ನಾನು ಒಂದು ನಿಯಮ ಮಾಡಿದೆ. ಗಾಡಿಯ ಕೀಲಿ, ಪೆಟ್ಟಿಗೆಯ ಕೀಲಿ ಎರಡೂ ಒಂದೇ ಗೊಂಚಲಿನಲ್ಲಿರಬೇಕು, ಗಾಡಿ ನಿಂತಾಗ ಗೊಂಚಲು ಜೇಬಿನಲ್ಲಿರಬೇಕು. ಪೆಟ್ಟಿಗೆ ತೆರೆಯಬೇಕೆಂದರೆ ಗಾಡಿಯ ಕೀಲಿ ತೆಗೆಯಲೇಬೇಕು. ನಲವತ್ತು ಮನೆ, ನಲವತ್ತು ಸಲ. ನಾನು ದಿನಕ್ಕೆ ಎರಡು ಮೂರು ಮನೆಗೆ ಹೋಗುವವಳು, ನನಗೂ ಅದು ಸಣ್ಣದೇ ಆಗಿತ್ತು.

ಜೂನ್ ಮೊದಲ ವಾರ ಮೂವರು ನನ್ನ ಕೋಣೆಗೆ ಬಂದರು. ಮುಂದೆ ನಿಂತದ್ದು ನಿಮ್ಮಣ್ಣ. ಕಚೇರಿಯಲ್ಲಿ ಅವರು ನನ್ನನ್ನು ಡಾಕ್ಟ್ರೇ ಎಂದೇ ಕರೆಯುವುದು. "ಡಾಕ್ಟ್ರೇ, ಎರಡು ಕೀಲಿ ಬೇರೆ ಮಾಡಿಕೊಡಿ. ಆ ಬಟನ್ ಯಾವತ್ತಾದ್ರೂ ಒಂದು ದಿನ ಮರೀತೀವಿ" ಅಂದರು. ನಾನು ಪಟ್ಟಿಯಿಂದ ತಲೆ ಎತ್ತಲಿಲ್ಲ. "ಮೂರು ಸೆಕೆಂಡು ಬಟನ್ ಒತ್ತೋಕೆ ಆಗದಷ್ಟು ಸೋಮಾರಿನಾ ನೀವು?" ಅಂದೆ. ಉಳಿದಿಬ್ಬರು ನಕ್ಕರು. ಅವರೂ ನಕ್ಕರು. ಅಲ್ಲಿಂದಾಚೆ ಯಾರೂ ದೂರಲಿಲ್ಲ.

ಅವರು ಬಿದ್ದ ಮರುದಿನ ಬೆಳಿಗ್ಗೆ, ಆಸ್ಪತ್ರೆಗೆ ಹೋಗುವ ಮೊದಲು, ಉಳಿದ ಗೊಂಚಲುಗಳನ್ನೆಲ್ಲ ತರಿಸಿ ನಾನೇ ಇಕ್ಕಳದಲ್ಲಿ ಬಿಡಿಸಿ ಬೇರೆ ಮಾಡಿದೆ. ಕಾರಣ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಇಪ್ಪತ್ತು ದಿನ ಕಳೆದು ಕೂತು ನಿನಗೆ ಬರೆದೆ, ನಿನಗೆ ಗೊತ್ತಾಗಬೇಕಿತ್ತು ಎಂದು. ನನಗೆ ಬಂದು ಹೇಳಿದ್ದರು, ಗುಬ್ಬಿ. ನಾಲ್ಕು ತಿಂಗಳು ಅವರು ಅದನ್ನು ಒಮ್ಮೆಯೂ ನನ್ನ ಮುಖಕ್ಕೆ ಎತ್ತಿ ಆಡಲಿಲ್ಲ. ಪ್ರತಿ ದಿನ ಆಡುತ್ತಾರೆಂದು ಕಾದು ಕಾದು, ಆ ಕಾಯುವ ಸಿಟ್ಟನ್ನೆಲ್ಲ ನಿನ್ನ ಮೇಲೆ ಸುರಿದೆ.

ನಿನ್ನ ಮೇಲಿನ ಕೋಪ ಹೋಗಿದೆ ಎಂದುಕೊಳ್ಳಬೇಡ. ನಿನ್ನ ತಪ್ಪು ನಿನ್ನದೇ. ನಿನ್ನ ಲೇಖನ ನೋಡಿ ಮಹಾಮಂಡಳಿಯವರು ತೀರ್ಮಾನ ಮುಂದೂಡಿದ್ದಾರೆ. ಸೆಟ್ಟಿಂಗು ತಾನಾಗಿ ಬದಲಾಗದ ಹಾಗೆ ತಿದ್ದಿ ಕೊಟ್ಟರೆ ಮಾತ್ರ ಗಾಡಿ ತೆಗೆದುಕೊಳ್ಳುವುದು ಎಂದು ಕಂಪನಿಗೆ ಬರೆದಿದ್ದಾರಂತೆ. ಆದರೆ ಪೆಟ್ಟಿಗೆಯ ಬೀಗ, ಒಂದೇ ಗೊಂಚಲು ಎಂಬ ನನ್ನ ನಿಯಮವನ್ನು ಉಳಿದ ಹದಿಮೂರು ಒಕ್ಕೂಟಗಳೂ ನಕಲು ಮಾಡಿಕೊಂಡಿವೆ. ಶಿಸ್ತಿಗೆ ಒಳ್ಳೆಯದೆಂದು ನಮ್ಮ ಅಧ್ಯಕ್ಷರು ಹಂಚಿದ್ದರು. ಅದನ್ನು ನಿಲ್ಲಿಸುವುದು ನನ್ನಿಂದ ಮಾತ್ರ ಆಗುತ್ತದೆ.

ನಿನ್ನೆ ಮಧ್ಯಾಹ್ನ ಕೂತು ಮಹಾಮಂಡಳಿಗೆ ಎಲ್ಲವನ್ನೂ ಬರೆದೆ. ನಿಯಮ ನನ್ನದು, ಬದಲಾಯಿಸಿ ಎಂದು ಕೆಲಸಗಾರರು ಕೇಳಿದ್ದರು, ನಾನು ಒಪ್ಪಲಿಲ್ಲ, ಅದಾದ ಒಂದು ತಿಂಗಳಿಗೆ ಅಪಘಾತವಾಯಿತು. ಸಹಿ ಹಾಕಿ ನಿಮ್ಮಣ್ಣನ ಕೈಗೆ ಕೊಟ್ಟೆ. ನಿಧಾನವಾಗಿ ಓದಿದರು. ಕಾಗದ ವಾಪಸು ಕೊಡುತ್ತಾ, "ಎಲ್ಲಾ ಸರಿಯಾಗಿದೆ. ಸೋಮಾರಿ ಅಂದಿದ್ದೊಂದು ಬಿಟ್ಟಿದ್ದೀಯ" ಅಂದರು.

ಸೇರಿಸಿದೆ.

ಅತ್ತಿಗೆ